ಅಮ್ಮನ ಹಾಲಿನ ಕ್ಯಾನು ಮತ್ತು ಶ್ಯಾಮ್ ಬೆನಗಲ್

ಇತ್ತೀಚೆಗೆ ತೀರಿಕೊಂಡ ಕಲಾವಿದರು, ಚಿತ್ರ ನಿರ್ದೇಶಕರಲ್ಲಿ ಯಾರ ನೆನಪು ಹೆಚ್ಚು ಕಾಡುತ್ತದೆ, ಅವರ ಕೆಲಸವನ್ನು ಎಲ್ಲಿಂದ ನೋಡಲು ಶುರು ಮಾಡಬೇಕು ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಶ್ಯಾಮ್ ಬೆನಗಲ್. ಶುರು ಮಾಡಬೇಕಾದ್ದು ಅವರ ಹಿಂದಿ ಚಿತ್ರ ‘ಮಂಥನ್’ನಿಂದ. ಯಾಕೆ ಅಂತ ಹೇಳಬೇಕಾದರೆ ನಮ್ಮೂರಿನ ಡೇರಿಯ ಕತೆಯನ್ನೂ ಸ್ವಲ್ಪ ಹೇಳಬೇಕಾಗುತ್ತದೆ.

2024ರ ಡಿಸೆಂಬರ್ ನಿಮಗೂ ನೆನಪಿರಬಹುದು. 15ಕ್ಕೆ ಜಾಕಿರ್ ಹುಸೇನ್ ಹೋದರು. 23ಕ್ಕೆ ಬೆನಗಲ್. 25ಕ್ಕೆ ಮಲಯಾಳಂ ಸಾಹಿತಿ ಎಂ.ಟಿ. ವಾಸುದೇವನ್ ನಾಯರ್. ಒಬ್ಬರ ತಬಲಾ ಕೇಳುತ್ತಾ ಕೂತವನಿಗೆ ಇನ್ನೊಬ್ಬರ ಸುದ್ದಿ ಬಂತು, ಅದನ್ನು ನಂಬುವ ಹೊತ್ತಿಗೆ ಮತ್ತೊಬ್ಬರದ್ದು. ಬೆನಗಲ್ ಅವರಿಗೆ ಡಿಸೆಂಬರ್ 14ಕ್ಕಷ್ಟೇ ತೊಂಬತ್ತು ತುಂಬಿತ್ತು. ಶಬಾನಾ ಆಜ್ಮಿ, ನಾಸಿರುದ್ದೀನ್ ಶಾ ಎಲ್ಲ ಅವರ ಜೊತೆ ಕೂತು ನಗುತ್ತಿದ್ದ ಹುಟ್ಟುಹಬ್ಬದ ಫೋಟೋ ನೋಡಿ ನಾನೂ ಖುಷಿಪಟ್ಟಿದ್ದೆ. ಅದಾಗಿ ಒಂಬತ್ತೇ ದಿನ.

ನಾನು ತುಮಕೂರು ಕಡೆಯ ಒಂದು ಸಣ್ಣ ಹಳ್ಳಿಯವನು. ಊರಿಗೆ ಡೇರಿ ಬರುವ ಮೊದಲು ಅಮ್ಮ ಪಕ್ಕದ ಪೇಟೆಯ ಹೋಟೆಲೊಂದಕ್ಕೆ ವರ್ತನೆ ಹಾಲು ಹಾಕುತ್ತಿದ್ದಳು. ಅಳತೆ ಅವರದ್ದೇ, ದರವೂ ಅವರದ್ದೇ. ಹಾಲು ನೀರಾಗಿದೆ ಅಂದರೆ ಮುಗಿಯಿತು, ಎದುರು ಮಾತಿಲ್ಲ. ಹಬ್ಬಕ್ಕೆ ಮುಂಗಡ ತಗೊಂಡಿದ್ದರಂತೂ ಎರಡು ತಿಂಗಳು ಹಸು ಕರೆಯುವುದೇ ಸಾಲಕ್ಕೆ. ಆಮೇಲೆ ಡೇರಿ ಬಂತು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಗುಜರಾತಿನ ಆನಂದ್ ಮಾದರಿಯ, ಅಂದರೆ ಹಾಲು ಹಾಕುವವರೇ ಒಡೆಯರಾಗಿರುವ, ಸಹಕಾರ ಸಂಘಗಳು ಶುರುವಾದವಲ್ಲ, ನಮ್ಮೂರಿಗೆ ಅದು ಕೆಲವು ವರ್ಷ ತಡವಾಗಿ ತಲುಪಿತು. ಸಂಜೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವುದು, ಹಾಲು ಎಷ್ಟು ಗಟ್ಟಿ ಅಂತ ಡಿಗ್ರಿ ನೋಡುವ ಗಾಜಿನ ಬುರುಡೆ ಹಾಲಿನಲ್ಲಿ ತೇಲುವುದು, ಪಾಸ್ ಪುಸ್ತಕದಲ್ಲಿ ಬರೆಸಿಕೊಳ್ಳುವುದು, ವಾರದ ಬಟವಾಡೆ. ಆ ಪುಸ್ತಕದ ಮೇಲೆ ಅಮ್ಮನ ಹೆಸರಿತ್ತು. ಮನೆಯ ಪಹಣಿಯಲ್ಲಿಲ್ಲದ, ಪಡಿತರ ಚೀಟಿಯಲ್ಲೂ ಎರಡನೇ ಸಾಲಿನಲ್ಲಿದ್ದ ಹೆಸರು ಅಲ್ಲಿ ಮೊದಲ ಸಾಲಿನಲ್ಲಿತ್ತು. ನನ್ನ ಹೈಸ್ಕೂಲಿನ ಫೀಸು ಹೋಗಿದ್ದು ಆ ಪುಸ್ತಕದಿಂದ.

ಕಾಲೇಜಿನಲ್ಲಿದ್ದಾಗ ದೂರದರ್ಶನದಲ್ಲಿ ‘ಮಂಥನ್’ ನೋಡಿದೆ. 1976ರ ಚಿತ್ರ. ಮೊದಲಿಗೇ ಒಂದು ಸಾಲು ಬರುತ್ತದೆ: ಗುಜರಾತಿನ 5 ಲಕ್ಷ ರೈತರು ಅರ್ಪಿಸುವ ಚಿತ್ರ. ಅದು ಅಲಂಕಾರದ ಮಾತಲ್ಲ, ಲೆಕ್ಕ. ಹಾಲು ಹಾಕುವ ಒಬ್ಬೊಬ್ಬರೂ ತಮಗೆ ಬರಬೇಕಾದ ಹಣದಲ್ಲಿ 2 ರೂಪಾಯಿ ಬಿಟ್ಟುಕೊಟ್ಟರು. ಐದು ಲಕ್ಷ ಜನ, ತಲಾ ಎರಡು ರೂಪಾಯಿ, ಒಟ್ಟು 10 ಲಕ್ಷ. ಬೆನಗಲ್ ಅದಕ್ಕೂ ಮುಂಚೆ, ಅಮುಲ್ ಕಟ್ಟಿ ಬೆಳೆಸಿದ ವರ್ಗೀಸ್ ಕುರಿಯನ್ ಅವರಿಗಾಗಿ ಹಾಲಿನ ಚಳವಳಿಯ ಸಾಕ್ಷ್ಯಚಿತ್ರ ಮಾಡಿದ್ದವರು. ಈ ವಿಷಯದಲ್ಲಿ ಕಥಾಚಿತ್ರವನ್ನೇ ಮಾಡಬೇಕು ಅನಿಸಿದಾಗ ದುಡ್ಡಿನ ದಾರಿ ಕಂಡಿದ್ದು ಹೀಗೆ. ಚಿತ್ರ ತೆರೆಗೆ ಬಂದ ಮೇಲೆ ಅದೇ ರೈತರು ಲಾರಿಗಳಲ್ಲಿ ತುಂಬಿಕೊಂಡು ಬಂದು ತಮ್ಮ ಸಿನಿಮಾ ನೋಡಿಕೊಂಡು ಹೋದರು.

ರೈತರ ದುಡ್ಡಿನಿಂದ ಮಾಡಿದ ಚಿತ್ರ ಅಂದಮೇಲೆ ಸಹಕಾರ ಸಂಘವನ್ನು ಹೊಗಳಿ ಮುಗಿಸಿಬಿಡಬಹುದಿತ್ತು. ಬೆನಗಲ್ ಹಾಗೆ ಮಾಡಲಿಲ್ಲ. ಪಟ್ಟಣದಿಂದ ಬರುವ ಪಶುವೈದ್ಯ ಡಾಕ್ಟರ್ ರಾವ್ (ನಮ್ಮ ಗಿರೀಶ್ ಕಾರ್ನಾಡರು) ಒಳ್ಳೆಯವನೇ, ಆದರೆ ಊರಿನ ಜಾತಿಯ ಗಂಟು ಎಷ್ಟು ಬಿಗಿ ಅಂತ ಅವನಿಗೆ ಗೊತ್ತಿಲ್ಲ. ಅವನ ತಂಡದ ಚಂದಾವರ್ಕರ್, ಅಂದರೆ ಅನಂತನಾಗ್, ಕೇರಿಯ ಹುಡುಗಿಯೊಬ್ಬಳ ಜೊತೆ ಸಲಿಗೆ ಬೆಳೆಸಿ ಇಡೀ ಕೆಲಸಕ್ಕೇ ಕುತ್ತು ತರುತ್ತಾನೆ. ಸಂಘದ ಚುನಾವಣೆಯಲ್ಲಿ ಕೇರಿಯವನು ಗೆದ್ದ ಮೇಲೆ ಸರಪಂಚ ಸುಮ್ಮನಿರುವುದಿಲ್ಲ, ಗುಡಿಸಲುಗಳಿಗೆ ಬೆಂಕಿ ಬೀಳುತ್ತದೆ. ಗುಡಿಸಲು ಸುಟ್ಟುಹೋದವರು ಹೊಟ್ಟೆಪಾಡಿಗಾಗಿ ಮತ್ತೆ ಹಳೇ ಹಾಲಿನ ವ್ಯಾಪಾರಿ ಮಿಶ್ರಾನ ಹತ್ತಿರವೇ ಹೋಗುತ್ತಾರೆ. ಕೊನೆಗೆ ರಾವ್ ಊರು ಬಿಡುತ್ತಾನೆ. ಉಳಿಯುವವನು ನಾಸಿರುದ್ದೀನ್ ಶಾ ಮಾಡಿದ ಭೋಲಾ. ಪಟ್ಟಣದವರನ್ನು ಕಂಡರೆ ಉರಿದು ಬೀಳುತ್ತಿದ್ದ ಆ ಭೋಲಾನೇ ಸಂಘವನ್ನು ಮುಂದೆ ನಡೆಸಬೇಕು. ನಮ್ಮೂರಿನ ಡೇರಿಯಲ್ಲಿ ಕ್ಯಾನಿಡುವ ಸಾಲಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ನಡೆದ ಜಗಳಗಳನ್ನು ಕಂಡವನು ನಾನು. ಡಿಗ್ರಿ ನೋಡುವ ಬುರುಡೆಗೆ ಜಾತಿ ಗೊತ್ತಿಲ್ಲ, ಸಾಲಿಗೆ ಗೊತ್ತಿತ್ತು. ಇದನ್ನು ಒಂದು ಸಿನಿಮಾ ಹೇಳಬಲ್ಲದು ಅಂತ ಆವತ್ತಿನವರೆಗೆ ನನಗೆ ಅಂದಾಜೇ ಇರಲಿಲ್ಲ.

ಇನ್ನು ಸ್ಮಿತಾ ಪಾಟೀಲ್. ಬಿಂದು ಅನ್ನುವ ಹೆಣ್ಣುಮಗಳು. ಅವಳು ಎಮ್ಮೆಯ ಪಕ್ಕ ಕೂರುವ ರೀತಿ, ಸೆರಗು ಸಿಕ್ಕಿಸುವ ರೀತಿ, ಹಾಲಿನ ಪರೀಕ್ಷೆಗೆ ಬಂದವನನ್ನು ಅನುಮಾನದಿಂದ ನೋಡುವ ನೋಟ. ಇದು ಅಭಿನಯ ಅಂತ ನನಗೆ ಹೊಳೆದಿದ್ದು ಎರಡನೇ ಸಲ ನೋಡಿದಾಗ. ಮೂವತ್ತೊಂದೇ ವರ್ಷಕ್ಕೆ, 1986ರಲ್ಲಿ ಆಕೆ ಹೋಗಿಬಿಟ್ಟರು. ಬೆನಗಲ್ ನಿಧನದ ಸುದ್ದಿ ಕೇಳಿದಾಗ ನನಗೆ ಮೊದಲು ಕಣ್ಮುಂದೆ ಬಂದದ್ದು ಬಿಂದುವಿನ ಮುಖವೇ.

2024ರಲ್ಲಿ ಈ ಚಿತ್ರದ ಹಳೆಯ ಪ್ರತಿಯನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್‌ನವರು ಜೀರ್ಣೋದ್ಧಾರ ಮಾಡಿದರು. ಮೇ ತಿಂಗಳಲ್ಲಿ ಅದು ಕಾನ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು, ಜೂನ್ ಮೊದಲಲ್ಲಿ ವಿಶ್ವ ಹಾಲು ದಿನದ ನೆಪದಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೂ ಬಂತು. ಅಮ್ಮನನ್ನು ಕರೆದುಕೊಂಡು ಹೋದೆ. ಅವಳಿಗೆ ಹಿಂದಿ ಒಂದಕ್ಷರ ಬರುವುದಿಲ್ಲ. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳಂತೂ ದೂರದ ಮಾತು. ನಾನು ಪಿಸುಮಾತಿನಲ್ಲಿ ಹೇಳಲು ಹೋದರೆ ಕೈ ಅಡ್ಡ ಹಿಡಿದು ಸುಮ್ಮನಾಗಿಸಿದಳು. ರಾವ್ ಹಾಲಿನ ಮಾದರಿ ತಗೊಂಡು ಪರೀಕ್ಷೆ ಮಾಡುವಾಗ ಮಾತ್ರ ನನ್ನ ಕಡೆ ಬಾಗಿ, "ಎಷ್ಟು ಬಂತಂತೆ?" ಅಂತ ಕೇಳಿದಳು. ಸಿನಿಮಾ ಮುಗಿದು ಹೊರಗೆ ಬಂದ ಮೇಲೆ, "ಆ ಹುಡುಗಿ ನಿಜವಾಗ್ಲೂ ಹಾಲು ಕರೆಯೋಳೇ ಇರಬೇಕು" ಅಂದಳು. ಅಲ್ಲಮ್ಮ, ನಟಿ ಅಂದೆ. ನಂಬಲಿಲ್ಲ.

ನಮ್ಮವರು ಬೆನಗಲ್ ಅವರನ್ನು ಮುಂಬೈಯವರು ಅಂದುಕೊಂಡು ದೂರ ಇಡುವುದುಂಟು. ಹುಟ್ಟಿದ್ದು ಹೈದರಾಬಾದಿನ ತಿರುಮಲಗಿರಿ, ಮನೆಮಾತು ಕೊಂಕಣಿ, ಮೂಲ ನಮ್ಮ ಕರಾವಳಿ. ತಂದೆ ಛಾಯಾಗ್ರಾಹಕರು. ಅವರ ಕ್ಯಾಮೆರಾದಲ್ಲೇ ಹನ್ನೆರಡನೇ ವಯಸ್ಸಿಗೆ ಮೊದಲ ಚಿತ್ರ ತೆಗೆದ ಹುಡುಗ ಮುಂದೆ ಮುಂಬೈಯ ಜಾಹೀರಾತು ಕಂಪನಿಯಲ್ಲಿ ಬರಹಗಾರನಾಗಿ, ನೂರಾರು ಜಾಹೀರಾತು ಚಿತ್ರ ಮಾಡಿ, ನಲವತ್ತರ ಹೊಸ್ತಿಲಲ್ಲಿ ‘ಅಂಕುರ್’ ಮಾಡಿದ್ದು. ಅದು 1974. ಅನಂತನಾಗ್ ಅವರ ಮೊದಲ ಹಿಂದಿ ಚಿತ್ರ, ಶಬಾನಾ ತೆರೆಗೆ ಬಂದ ಚಿತ್ರ. ‘ಭೂಮಿಕಾ’ದ ಚಿತ್ರಕತೆಯಲ್ಲಿ ಕಾರ್ನಾಡರ ಕೈಯಿದೆ, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ‘ಕಲಿಯುಗ್’ ಕೂಡ ಇಬ್ಬರೂ ಸೇರಿ ಬರೆದದ್ದು, ಮಹಾಭಾರತವನ್ನು ಉದ್ಯಮಿಗಳ ಮನೆಗೆ ತಂದು ಕೂರಿಸಿದ ಕತೆ. ಆಮೇಲೆ ದೂರದರ್ಶನದ ಧಾರಾವಾಹಿ ‘ಭಾರತ್ ಏಕ್ ಖೋಜ್’ನ 53 ಕಂತುಗಳು. ಭಾನುವಾರ ಬೆಳಿಗ್ಗೆ ಅದರ ಶೀರ್ಷಿಕೆ ಗೀತೆ ಕೇಳಿದರೆ ಇಡೀ ಬೀದಿಯೇ ಸುಮ್ಮನಾಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

‘ಮಂಥನ್’ ಆದಮೇಲೆ ‘ಸುಸ್ಮನ್’ ಹುಡುಕಿ ನೋಡಿ. 1987ರದ್ದು, ಪೋಚಂಪಳ್ಳಿಯ ನೇಕಾರರ ಕತೆ. ಇದಕ್ಕೂ ದುಡ್ಡು ಹಾಕಿದ್ದು ಕೈಮಗ್ಗದ ಸಹಕಾರ ಸಂಘಗಳೇ. ಓಂ ಪುರಿ ಮಗ್ಗದ ಮುಂದೆ ಕೂತಿರುವುದನ್ನು ನೋಡಿದರೆ ಸಾಕು. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ನನಗೆ ಅದು ತುಂಬಾ ಬೇಸರದ ವಿಷಯ.

ಆಮೇಲೆ ‘ಅಂಕುರ್’. ಇದನ್ನು ನೋಡುವಾಗ ಶಬಾನಾ, ಅನಂತನಾಗ್ ಜೊತೆಗೆ ಇನ್ನೊಬ್ಬರನ್ನು ಗಮನಿಸಿ: ಕಿವಿ ಕೇಳದ, ಮಾತು ಬಾರದ ಕುಂಬಾರ ಕಿಷ್ಟಯ್ಯನಾಗಿ ಮಾಡಿದ ಸಾಧು ಮೆಹರ್. ಒಡಿಶಾದವರು. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. 2024ರ ಫೆಬ್ರವರಿಯಲ್ಲಿ, ಬೆನಗಲ್‌ಗಿಂತ ಹತ್ತು ತಿಂಗಳು ಮೊದಲು, ತೀರಿಕೊಂಡರು. ಇತ್ತೀಚೆಗೆ ಅಗಲಿದವರು ಅಂತ ನೀವು ಕೇಳಿದ್ದೀರಲ್ಲ, ಅವರ ಹೆಸರನ್ನೂ ಸೇರಿಸಿಕೊಳ್ಳಿ. ಒಂದೂ ಮಾತಿಲ್ಲದೆ ಆ ಮನುಷ್ಯ ಜಮೀನ್ದಾರನ ಮಗನ ಕಡೆ ನಡೆದು ಬರುವ ದೃಶ್ಯವೊಂದಿದೆ. ಅವನು ಬರುವುದು ಕೆಲಸ ಕೇಳಲು, ಅನಂತನಾಗ್ ಮುಖದಲ್ಲಿ ಮಾತ್ರ ತನ್ನನ್ನು ಹೊಡೆಯಲೇ ಬಂದ ಅನ್ನುವ ಭಯ. ಆ ಭಯ ಎಲ್ಲಿಂದ ಬಂತು ಅನ್ನುವುದೇ ಇಡೀ ಸಿನಿಮಾ.

ಡಿಸೆಂಬರ್ 23ರ ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನಿಗೆ ಸುದ್ದಿ ಹೇಳಿದೆ. ಹೆಸರು ಹೇಳಿದರೆ ಗೊತ್ತಾಗಲಿಲ್ಲ. ಆ ಹಾಲಿನ ಪಿಚ್ಚರ್ ತೋರಿಸಿದ್ದೆನಲ್ಲ, ಅದನ್ನು ತೆಗೆದವರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ವಯಸ್ಸಾಗಿತ್ತಾ?" ಅಂದಳು. ತೊಂಬತ್ತು ಅಂದೆ. "ಅವರ ಮನೇಲೂ ಹಸು ಇತ್ತೇನೋ" ಅಂದಳು.

‘ಮಂಥನ್’ ನೋಡಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ. ನಿಮ್ಮೂರಿನಲ್ಲೂ ಡೇರಿ ಇದ್ದರೆ, ಅಲ್ಲಿಯ ಸಾಲು ಈಗ ಹೇಗಿದೆ ಅಂತಲೂ.