ಎರಡು ಸೂರ್ಯರ ಪಕ್ಕದ ಚುಕ್ಕೆ ಗ್ರಹವೇ? ಎರಡನೇ ಚಿತ್ರ ಬರುವವರೆಗೆ ತಡೆಯಿರಿ

ಬಿ ಸೆಂಟಾರಿ ಎಂಬ ಜೋಡಿ ನಕ್ಷತ್ರವನ್ನು ಸುತ್ತುವ ದೈತ್ಯ ಗ್ರಹದ ಬಗ್ಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ. ಈ ಸಲ ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಜ್ಯೋತಿರ್ವರ್ಷ ಎಂದರೇನು, ಗ್ರಹ ಎಂದರೇನು ಎಂಬುದನ್ನು ಶಾಲೆಯ ಪಠ್ಯಪುಸ್ತಕಕ್ಕೆ ಬಿಡುತ್ತೇನೆ.

ಪ್ರಶ್ನೆ: ಚಿತ್ರದಲ್ಲಿ ಕಾಣುವುದು ಬರಿಯ ಒಂದು ಚುಕ್ಕೆ. ಅದು ಗ್ರಹವೆಂದು ಹೇಗೆ ಹೇಳುತ್ತೀರಿ? ಅಷ್ಟು ದೊಡ್ಡ ದೂರದರ್ಶಕ ತೆಗೆದ ಒಂದು ಚಿತ್ರ ಸಾಲದೇ?

ಸಾಲದು. ಗುಂಪಿನ ಫೋಟೊದಲ್ಲಿ ಇಬ್ಬರು ಅಕ್ಕಪಕ್ಕ ನಿಂತಿದ್ದ ಮಾತ್ರಕ್ಕೆ ಅವರು ಒಂದೇ ಮನೆಯವರಾಗುವುದಿಲ್ಲ. ಬಿ ಸೆಂಟಾರಿ ನಮ್ಮಿಂದ ಸುಮಾರು 325 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಹಿಂದೆ, ಇನ್ನೂ ಎಷ್ಟೋ ದೂರದಲ್ಲಿ, ಲೆಕ್ಕವಿಲ್ಲದಷ್ಟು ಮಂಕು ನಕ್ಷತ್ರಗಳಿವೆ. ಅವುಗಳಲ್ಲಿ ಯಾವುದು ಬೇಕಾದರೂ ನಮ್ಮ ದೃಷ್ಟಿರೇಖೆಗೆ ಬಂದು ಗ್ರಹದಂತೆ ಕಾಣಬಹುದು. 2021ರ ಡಿಸೆಂಬರಿನಲ್ಲಿ ಪ್ರಕಟವಾದ ಆ ಪ್ರಸಿದ್ಧ ಚಿತ್ರವನ್ನೇ ತೆಗೆದು ನೋಡಿ. ಬಲಗಡೆ ಮೇಲೆ ಹೊಳೆಯುವ ಇನ್ನೊಂದು ಚುಕ್ಕೆಯಿದೆ. ಅದು ಗ್ರಹವಲ್ಲ, ಹಿನ್ನೆಲೆಯ ನಕ್ಷತ್ರ. ಜೋಡಿಯ ಸುತ್ತ ಕಾಣುವ ಬಳೆಗಳೂ ಆಕಾಶದಲ್ಲಿಲ್ಲ. ಅವು ಉಪಕರಣದಿಂದಲೇ ಮೂಡಿದವು.

ತೀರ್ಪು ಕೊಡುವುದು ಚಲನೆ. ಪ್ರತಿ ನಕ್ಷತ್ರವೂ ಆಕಾಶದಲ್ಲಿ ವರ್ಷವರ್ಷ ಒಂದಿಷ್ಟು ಜರುಗುತ್ತದೆ. ಗ್ರಹ ಆ ನಕ್ಷತ್ರದ್ದೇ ಆಗಿದ್ದರೆ ಅದರ ಜೊತೆಗೇ ಜರುಗಬೇಕು. ಹಿನ್ನೆಲೆಯ ಚುಕ್ಕೆಯಾಗಿದ್ದರೆ ಹಿಂದೆ ಉಳಿಯಬೇಕು. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಮಾರ್ಕುಸ್ ಯಾನ್ಸನ್ ಅವರ ತಂಡ ಚಿಲಿಯಲ್ಲಿರುವ 8.2 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ಸ್ಫಿಯರ್ ಉಪಕರಣದಿಂದ 2019ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ಚಿತ್ರ ತೆಗೆಯಿತು. ಚುಕ್ಕೆ ಜೋಡಿಯ ಜೊತೆಯಲ್ಲೇ ಬಂದಿತ್ತು. ಹಳೆಯ ಸಂಗ್ರಹವನ್ನು ಕೆದಕಿದಾಗ, ಅದಕ್ಕೂ ಇಪ್ಪತ್ತು ವರ್ಷ ಹಿಂದೆ 3.6 ಮೀಟರ್ ದೂರದರ್ಶಕ ತೆಗೆದ ಚಿತ್ರದಲ್ಲೂ ಅದೇ ಚುಕ್ಕೆ ಸಿಕ್ಕಿತು. ಆಗ ಅದನ್ನು ಯಾರೂ ಗ್ರಹವೆಂದು ಗುರುತಿಸಿರಲಿಲ್ಲ. ನನಗೆ ಇಡೀ ಸಂಶೋಧನೆಯಲ್ಲಿ ಅತ್ಯಂತ ಇಷ್ಟವಾದ ಸಾಕ್ಷ್ಯ ಈ ಹಳೆಯ ಚಿತ್ರವೇ.

ಇಷ್ಟು ಎಚ್ಚರಿಕೆ ಏಕೆ ಎನ್ನುವವರು ಎಚ್‌ಡಿ 131399 ಎಂಬ ಮೂರು ನಕ್ಷತ್ರಗಳ ವ್ಯವಸ್ಥೆಯ ಕಥೆಯನ್ನು ಓದಬೇಕು. ಅದೂ ಬಿ ಸೆಂಟಾರಿ ಇರುವ ಸೆಂಟಾರಸ್ ನಕ್ಷತ್ರಪುಂಜದ್ದೇ. ಅಲ್ಲಿ ಗ್ರಹ ಸಿಕ್ಕಿತೆಂದು 2016ರಲ್ಲಿ ಘೋಷಣೆಯಾಯಿತು. ಮೂರು ಸೂರ್ಯರ ಬಣ್ಣಬಣ್ಣದ ಚಿತ್ರಗಳು ಎಲ್ಲೆಡೆ ಹರಡಿದವು. 2017ರಲ್ಲಿ ಮತ್ತೊಂದು ತಂಡ ಅದರ ಚಲನೆಯನ್ನೂ ರೋಹಿತವನ್ನೂ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ) ಮರುಪರಿಶೀಲಿಸಿದಾಗ ಅದು ಹಿನ್ನೆಲೆಯ ನಕ್ಷತ್ರವೆಂದು ತಿಳಿಯಿತು. ಆ ನಕ್ಷತ್ರವೇ ಅಸಾಧಾರಣ ವೇಗದಲ್ಲಿ ಜರುಗುತ್ತಿದ್ದುದರಿಂದ ಮೊದಲ ಅಳತೆಗಳು ದಾರಿ ತಪ್ಪಿದ್ದವು. ಘೋಷಣೆ ಓದಿದವರಲ್ಲಿ ಎಷ್ಟು ಜನ ತಿದ್ದುಪಡಿ ಓದಿದರು? ಈಗಲೂ ಆ ‘ಮೂರು ಸೂರ್ಯರ ಗ್ರಹ’ದ ಬಗ್ಗೆ ನನಗೆ ಪತ್ರ ಬರುತ್ತದೆ. ಒಂದೇ ಚಿತ್ರವನ್ನು ನೆಚ್ಚಿಕೊಂಡ ಗ್ರಹದ ಸುದ್ದಿಯನ್ನು ನಾನಂತೂ ಪಕ್ಕಕ್ಕಿಡುತ್ತೇನೆ.

ಬಿ ಸೆಂಟಾರಿಯ ಗ್ರಹಕ್ಕೆ ಹೇಳುವ ‘ಗುರುಗ್ರಹದ 11 ಪಟ್ಟು ತೂಕ’ ಎಂಬ ಅಂಕಿಯನ್ನೂ ತಕ್ಕಡಿಯಲ್ಲಿ ತೂಗಿದಂತೆ ಉದ್ಧರಿಸಬೇಡಿ. ಈ ವ್ಯವಸ್ಥೆಯ ವಯಸ್ಸು ಸುಮಾರು ಒಂದೂವರೆ ಕೋಟಿ ವರ್ಷ. ಗ್ರಹ ಹುಟ್ಟಿದಾಗಿನ ಕಾವು ಇನ್ನೂ ಆರಿಲ್ಲ. ಆದ್ದರಿಂದಲೇ ಇನ್‌ಫ್ರಾರೆಡ್‌ನಲ್ಲಿ, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣಗಳಲ್ಲಿ, ಕಾಣುತ್ತದೆ. ಆ ಹೊಳಪನ್ನೂ ವಯಸ್ಸನ್ನೂ ತಣಿಯುವಿಕೆಯ ಮಾದರಿಗೆ ಹಾಕಿ ದ್ರವ್ಯರಾಶಿಯನ್ನು ಪಡೆಯುತ್ತಾರೆ. ವಯಸ್ಸಿನ ಅಂದಾಜು ಹೆಚ್ಚಾದರೆ ಗ್ರಹದ ತೂಕವೂ ಹೆಚ್ಚುತ್ತದೆ.

ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ: ಅದು ಅಲ್ಲಿ ಹುಟ್ಟಿದ್ದಾದರೂ ಹೇಗೆ? ಎರಡೂ ನಕ್ಷತ್ರಗಳು ಸೇರಿ ಕನಿಷ್ಠ ಆರು ಸೂರ್ಯರಷ್ಟು ಭಾರ. ದೊಡ್ಡದರ ಮೇಲ್ಮೈ ಸೂರ್ಯನಿಗಿಂತ ಮೂರು ಪಟ್ಟು ಬಿಸಿ. ಅದರ ಅತಿನೇರಳೆ ಮತ್ತು ಎಕ್ಸ್‌ ಕಿರಣಗಳು ಸುತ್ತಲಿನ ಅನಿಲವನ್ನು ಬೇಗ ಚದುರಿಸಿಬಿಡುತ್ತವೆ. ಗ್ರಹವಿರುವುದೋ ಸೂರ್ಯನಿಂದ ಗುರುವಿಗಿರುವ ದೂರದ ನೂರು ಪಟ್ಟು ಆಚೆ. ಅಲ್ಲಿ ಕಲ್ಲುಮಂಜಿನ ತಿರುಳು ನಿಧಾನವಾಗಿ ಬೆಳೆದು, ಬಳಿಕ ಅನಿಲವನ್ನು ಹೊದೆಯುವಷ್ಟು ಸಮಯವೇ ಇರುವುದಿಲ್ಲ. ಎಳೆಯ ನಕ್ಷತ್ರಗಳನ್ನು ಸುತ್ತುವರಿದಿದ್ದ ಅನಿಲದ ತಟ್ಟೆಯ ಒಂದು ಭಾಗ ತನ್ನದೇ ಗುರುತ್ವದಿಂದ ಒಮ್ಮೆಗೇ ಕುಸಿದು ಗ್ರಹವಾಗಿರಬೇಕು ಎಂಬ ವಿವರಣೆಯತ್ತ ನನ್ನ ಒಲವು.

ಪ್ರಶ್ನೆ: ಗ್ರಹ ಎರಡು ನಕ್ಷತ್ರಗಳ ನಡುವೆ ಎಂಟರ ಆಕಾರದಲ್ಲಿ ಸುತ್ತುತ್ತದೆಯೇ?

ಇಲ್ಲ. ಅಂಥ ದಾರಿ ಬಾಳುವುದಿಲ್ಲ. ಗ್ರಹ ಒಂದೋ ಒಂದು ನಕ್ಷತ್ರಕ್ಕೆ ಅಂಟಿಕೊಂಡು ಹತ್ತಿರದಲ್ಲಿ ಸುತ್ತಬೇಕು, ಇಲ್ಲವೇ ಎರಡನ್ನೂ ದೂರದಿಂದ ಸುತ್ತಬೇಕು. 2011ರಲ್ಲಿ ಪತ್ತೆಯಾದ ಕೆಪ್ಲರ್-16ಬಿ ಎಂಬ ಗ್ರಹ ಎರಡನೆಯ ಬಗೆಯದು: ನಕ್ಷತ್ರಗಳು 41 ದಿನಕ್ಕೊಮ್ಮೆ ಪರಸ್ಪರ ಸುತ್ತುತ್ತವೆ, ಗ್ರಹ 229 ದಿನಕ್ಕೊಮ್ಮೆ ಎರಡನ್ನೂ ಸುತ್ತುತ್ತದೆ.

ಪ್ರಶ್ನೆ: ಬಿ ಸೆಂಟಾರಿಯ ಗ್ರಹದಲ್ಲಿ ಜೀವಿಗಳಿರಬಹುದೇ?

ಇಲ್ಲ. ಅದು ಅನಿಲದ ಬಿಸಿ ಗೋಳ.

ಪ್ರಶ್ನೆ: ನಮ್ಮ ಸೂರ್ಯನಿಗೂ ಗುಪ್ತ ಜೊತೆಗಾರನಿದ್ದಾನೆ, ಶೀಘ್ರದಲ್ಲೇ ಭೂಮಿಯ ಬಳಿ ಬರುತ್ತಾನೆ ಎಂಬ ವಿಡಿಯೊ ನೋಡಿ ಮಕ್ಕಳು ಹೆದರಿದ್ದಾರೆ. ನಿಜವೇ?

ಸುಳ್ಳು. ಹೆದರಿಸಿ ಹಣ ಮಾಡುವವರ ಹಳೆಯ ಸರಕು. ನಾಸಾದ ವೈಸ್ ಉಪಗ್ರಹ ಇಡೀ ಆಕಾಶವನ್ನು ಇನ್‌ಫ್ರಾರೆಡ್‌ನಲ್ಲಿ ಜಾಲಾಡಿದೆ. ಭೂಮಿ–ಸೂರ್ಯರ ಅಂತರದ 26,000 ಪಟ್ಟು ದೂರದೊಳಗೆ ಗುರುವಿನಷ್ಟು ದೊಡ್ಡ ಕಾಯವೂ ಸಿಗಲಿಲ್ಲ. ನಕ್ಷತ್ರ ಇನ್ನೆಲ್ಲಿ ಅಡಗೀತು? ಆ ವಿಡಿಯೊವನ್ನು ಮಕ್ಕಳ ಎದುರಿನಲ್ಲೇ ಅಳಿಸಿಹಾಕಿ, ಏಕೆಂದೂ ಹೇಳಿ.

ಪ್ರಶ್ನೆ: ಮನೆಯ ದೂರದರ್ಶಕದಲ್ಲಿ ಈ ಗ್ರಹ ಕಾಣುತ್ತದೆಯೇ?

ಗ್ರಹ ಕಾಣುವುದಿಲ್ಲ. ನಕ್ಷತ್ರಜೋಡಿ ಮಾತ್ರ ಕತ್ತಲ ಆಕಾಶದಲ್ಲಿ ಬರಿಗಣ್ಣಿಗೇ ಒಂದು ಚುಕ್ಕೆಯಾಗಿ ಕಾಣುತ್ತದೆ. ಅದರ ಕಾಂತಿಮಾನ (ಹೊಳಪಿನ ಅಳತೆ; ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು) ಸುಮಾರು 4. ಅದೇ ಪುಂಜದ ಬಲು ಪ್ರಕಾಶಮಾನವಾದ ಬೀಟಾ ಸೆಂಟಾರಿಯನ್ನು ನೋಡಿ ಇದೇ ಎಂದುಕೊಳ್ಳಬೇಡಿ. ನಕ್ಷತ್ರಪಟದಲ್ಲಿ ಗ್ರೀಕ್ ಬೀಟಾ ಬೇರೆ, ರೋಮನ್ ಲಿಪಿಯ ಸಣ್ಣ ಬಿ ಬೇರೆ.