ಕಾರ್ಖಾನೆ ಬೇಕು, ಆದರೆ ಎಲ್ಲಿ?

ಪ್ರಶ್ನೆ: ಎಲ್ಲರಿಗೂ ಕೆಲಸ ಬೇಕು, ಕೈಗಾರಿಕೆಗೆ ಜಾಗ ಕೊಡೋಕೆ ಮಾತ್ರ ಯಾರೂ ಒಪ್ಪಲ್ಲ. ಇದು ಸರೀನಾ?

ಉತ್ತರ: ಬೇಡ ಅನ್ನುವವರ ಮಾತನ್ನೂ ಪೂರ್ತಿ ಕೇಳಿ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣದ ಸುತ್ತಲಿನ 13 ಹಳ್ಳಿಗಳಲ್ಲಿ 1,777 ಎಕರೆ ಸ್ವಾಧೀನಕ್ಕೆ ಹೊರಟಿದ್ದ ಸರ್ಕಾರ, ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತ ಮೇಲೆ, 2025ರ ಜುಲೈ 15ರಂದು ಅದನ್ನು ಕೈಬಿಡುವುದಾಗಿ ಹೇಳಿತು. ಅಲ್ಲಿನ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ ಕೂಡ ಕೆಲಸ ಕೊಡುವ ಜಾಗಗಳೇ ಅಲ್ವಾ? ಸೊಪ್ಪು ಕೊಯ್ಯಲು ಬರುವ ಹೆಂಗಸಿನ ಹೆಸರು ಪಹಣಿಯಲ್ಲಿ ಇರಲ್ಲ, ಪರಿಹಾರವೂ ಅವಳಿಗಿಲ್ಲ. ನನಗೆ ನೋವಾಗುವುದು ಇಲ್ಲೇ. ಮೊದಲು ಖಾಲಿ ಬಿದ್ದಿರುವ ಕೈಗಾರಿಕಾ ನಿವೇಶನಗಳು ತುಂಬಲಿ. ನಿಮ್ಮ ಜಮೀನಿಗೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನೋಟಿಸ್ ಬಂದರೆ ಸುಮ್ನೆ ಕೂರಬೇಡಿ, 30 ದಿನದೊಳಗೆ ತಕರಾರು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.