ಸಂಪಾದಕರ ಉತ್ತರ: ಆ ಖಾಲಿ ಜಾಗ ಅಪ್ಪನದಲ್ಲ

ಧಾರವಾಡದ ಓದುಗಾರ್ತಿಯೊಬ್ಬರು ಬರೆದಿದ್ದಾರೆ: "ನಾನೂ ಅಣ್ಣನೂ ವಂಶದ ಮೂಲ ತಿಳಿಯಲು ಡಿಎನ್‌ಎ ಪರೀಕ್ಷೆ ಮಾಡಿಸಿದೆವು. ಅಣ್ಣನ ವರದಿಯಲ್ಲಿ ತಂದೆಸಾಲು, ತಾಯಿಸಾಲು ಎರಡೂ ಇವೆ. ನನ್ನದರಲ್ಲಿ ತಂದೆಸಾಲು ಖಾಲಿ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅವರಿಂದ ನನಗೇನೂ ಬಂದಿಲ್ಲವೇ?"

ನಿಮ್ಮ ಕೊನೆಯ ಪ್ರಶ್ನೆ ಓದಿ ಮನಸ್ಸು ಭಾರವಾಯಿತು. ಸುಮ್ನೆ ಕೊರಗಬೇಡಿ. ನಿಮ್ಮ ಡಿಎನ್‌ಎಯಲ್ಲಿ ಸುಮಾರು ಅರ್ಧ ಅಪ್ಪನದೇ. ಜೀವಕೋಶದಲ್ಲಿ ಡಿಎನ್‌ಎ ಸುತ್ತಿಟ್ಟ ಎಳೆಗಳೇ ಕ್ರೋಮೋಸೋಮುಗಳು. ಆ ಖಾಲಿ ಜಾಗ ಅವುಗಳಲ್ಲಿ ಒಂದಾದ ವೈ ಕ್ರೋಮೋಸೋಮಿನದು. ಅದು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಅಣ್ಣನ ವರದಿಯಲ್ಲಿರುವುದು ನಿಮ್ಮ ಅಪ್ಪನ ಸಾಲೇ ಅಲ್ವಾ? ಅದನ್ನೇ ಓದಿಕೊಳ್ಳಿ.

ತಾಯಿಸಾಲು ತಿಳಿಯುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗವಾದ ಮೈಟೊಕಾಂಡ್ರಿಯದ ಡಿಎನ್‌ಎಯಿಂದ. ತಾಯಿ ಅದನ್ನು ಎಲ್ಲ ಮಕ್ಕಳಿಗೂ ಕೊಡುತ್ತಾಳೆ. ಮುಂದಕ್ಕೆ ಒಯ್ಯುವವರು ಹೆಣ್ಣುಮಕ್ಕಳು ಮಾತ್ರ. ಈ ಸಾಲಿನ ಬಲ ಸಣ್ಣದಲ್ಲ. 1485ರಲ್ಲಿ ಯುದ್ಧದಲ್ಲಿ ಸತ್ತ ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್‌ನ ಮೂಳೆಗಳು 2012ರಲ್ಲಿ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಜಾಗದ ಕೆಳಗೆ ಸಿಕ್ಕವು. ಅವನ ಅಕ್ಕ ಆನ್‌ಳಿಂದ ತಾಯಿ, ಮಗಳು, ಮೊಮ್ಮಗಳು ಎಂದು ಇಳಿದು ಬಂದ ಸಾಲಿನ ಇಬ್ಬರು ಆಗ ಬದುಕಿದ್ದರು. ಅವರ ಮೈಟೊಕಾಂಡ್ರಿಯ ಆ ಮೂಳೆಗಳ ಜೊತೆ ಹೊಂದಿತು. ಗಂಡುಸಾಲಿನವರು ಎಂದು ದಾಖಲೆಗಳಲ್ಲಿದ್ದ ಐವರ ವೈ ಹೊಂದಲಿಲ್ಲ. ಎಲ್ಲೋ ಒಂದು ತಲೆಮಾರಿನಲ್ಲಾದರೂ ಬರೆದಿಟ್ಟ ತಂದೆ ಬೇರೆ, ಹುಟ್ಟಿಸಿದ ತಂದೆ ಬೇರೆ ಆಗಿತ್ತು.

ಗಂಡು ಹೆಣ್ಣು ನಿರ್ಧರಿಸುವ ಎಕ್ಸ್, ವೈಗಳ ಜೋಡಿ ಬಿಟ್ಟರೆ ಉಳಿದ 22 ಜೋಡಿ ಕ್ರೋಮೋಸೋಮುಗಳು ಇಸ್ಪೀಟೆಲೆ ಕಲಸಿ ಹಂಚಿದ ಹಾಗೆ. ಪ್ರತಿ ಮಗುವಿಗೂ ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ. ಯಾವ ಅರ್ಧ ಎನ್ನುವುದು ಮಾತ್ರ ಬೇರೆ ಬೇರೆ. ಹೀಗಾಗಿ ಅಣ್ಣನಿಗೂ ನಿಮಗೂ ಹೋಲಿಕೆ ಸುಮಾರು 50 ಶೇಕಡಾ.

ಇನ್ನೊಂದು ಸಂಗತಿ ಇದೆ, ಅದನ್ನು ಹೇಳಲು ನನಗೆ ಖುಷಿ ಜಾಸ್ತಿ. ಅಪ್ಪನ ಬಳಿ ಇದ್ದದ್ದು ಒಂದೇ ಎಕ್ಸ್ ಕ್ರೋಮೋಸೋಮ್. ಅದು ಅವರಿಗೆ ಅವರ ಅಮ್ಮನಿಂದ ಬಂದದ್ದು. ಹೆಚ್ಚುಕಡಿಮೆ ಇಡಿಯಾಗಿ ಅದನ್ನು ಅಪ್ಪ ನಿಮಗೆ ಕೊಟ್ಟಿದ್ದಾರೆ. ಅಣ್ಣನಿಗೆ ವೈ ಕೊಟ್ಟರು, ಆ ಎಕ್ಸ್ ಕೊಡಲಿಲ್ಲ. ನಿಮ್ಮ ಅಜ್ಜಿಯ ಆ ಎಕ್ಸ್ ಇರುವುದು ನಿಮ್ಮಲ್ಲಿ.

ಅಜ್ಜಿಯ ತಾಯಿಸಾಲು ಮಾತ್ರ ನಿಮ್ಮಿಬ್ಬರ ವರದಿಯಲ್ಲೂ ಇಲ್ಲ. ಅಪ್ಪನ ಜೊತೆಗೇ ಅದು ನಿಂತಿತು. ಸೋದರತ್ತೆ ಇದ್ದಾರೆಯೇ? ಅವರಿಗೆ ಒಪ್ಪಿಗೆಯಾದರೆ ಪರೀಕ್ಷೆ ಮಾಡಿಸಿ. ಅವರಲ್ಲಿ ಅದು ಸಿಗುತ್ತದೆ.